ಗೋದಾಮುಗಳ ಬೆನ್ನಿಗೇ ಇಂಥ ಅಚ್ಚರಿಯೇ!

ಸಾವಿರಾರು ವರ್ಷ ಹಳೆಯ ಜಾಗವೊಂದನ್ನು ನೋಡಬೇಕು ಅಂದರೆ ನೀವು ಎಲ್ಲಿಗೆ ಹೋಗುತ್ತೀರಿ? ಈಜಿಪ್ಟಿನ ಮರಳುಗಾಡಿಗೆ? ಕಛ್‌ನ ಉಪ್ಪುಬಯಲು ದಾಟಿ ಧೋಲಾವೀರಕ್ಕೆ?

ಅಷ್ಟು ದೂರ ಯಾಕೆ! ಶನಿವಾರ ಬೆಳಿಗ್ಗೆ ನಾಗಪುರದ ವಾಡಿಯಲ್ಲಿ ಒಂದು ಲೋಟ ಚಹಾ ಕುಡಿದು ಹೊರಡಿ.

ಅಮರಾವತಿ ರಸ್ತೆಯ ವಾಡಿ ಗೊತ್ತಲ್ಲ? ಸಾಲು ಗೋದಾಮು, ಸಾಲು ಲಾರಿ, ಹತ್ತಿರದಲ್ಲೇ ಅಂಬಾಝರಿಯ ಆಯುಧ ಕಾರ್ಖಾನೆ. ಇಲ್ಲಿ ಪುರಾತನವಾದದ್ದು ಏನಿದ್ದೀತು ಅಂತ ಯಾರಿಗಾದರೂ ಅನ್ನಿಸಬೇಕು. ಕಾಟೋಲ್ ರಸ್ತೆಯ ಕಡೆಗೆ ಹೊರಳಿ. ನಾಲಿಗೆಯ ಮೇಲೆ ಚಹಾದ ರುಚಿ ಇರುವಾಗಲೇ ತಲುಪಿಬಿಡುತ್ತೀರಿ!

ಊರಿನ ಹೆಸರು ಜುನಾಪಾಣಿ.

ಮರಳಿಲ್ಲ, ನಿಜ. ಆದರೆ ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ವಿದರ್ಭದ ಬಿಸಿಲಿದೆ, ಒಣಗಿದ ಹುಲ್ಲಿದೆ, ಕುರುಚಲು ಗಿಡಗಳಿವೆ. ಅವುಗಳ ನಡುವೆ ಕರಿಗಲ್ಲಿನ ಗುಂಡುಗಳು ಬಿದ್ದಿವೆ. ಮೊದಲ ನೋಟಕ್ಕೆ ಏನೂ ವಿಶೇಷ ಕಾಣಿಸುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಇನ್ನೊಮ್ಮೆ ನೋಡಿ.

ಅವು ಬಿದ್ದ ಕಲ್ಲುಗಳಲ್ಲ. ಇಟ್ಟ ಕಲ್ಲುಗಳು! ಒಂದರ ಪಕ್ಕ ಒಂದು, ಅಂಚಿಗೆ ಅಂಚು ತಾಗಿಸಿ, ದುಂಡಗೆ! ಒಂದು ವೃತ್ತ ಕಣ್ಣಿಗೆ ಬಿತ್ತೋ, ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು. ಕೆಲವು ಎಷ್ಟು ದೊಡ್ಡವು ಅಂದರೆ ಒಳಗೊಂದು ಮನೆ ಕಟ್ಟಬಹುದು.

ಎಷ್ಟಿರಬಹುದು, ಊಹಿಸಿ. ಹತ್ತು? ಮೂವತ್ತು? ನೂರು ಅಂದಿರಾ?

ಜುನಾಪಾಣಿಯ ಸುತ್ತಮುತ್ತ ಗುರುತಿಸಿರುವ ಕಲ್ಲುವೃತ್ತಗಳು ಸುಮಾರು 300!

ಒಂದೊಂದೂ ಒಂದು ಗೋರಿ. ಕಬ್ಬಿಣ ಯುಗದ ಜನ ತಮ್ಮವರನ್ನು ಇಲ್ಲಿ ಮಣ್ಣಿಗಿಟ್ಟು, ಮೇಲೆ ಜಿಗುಟಾದ ಕಪ್ಪುಮಣ್ಣು, ಹರಳುಕಲ್ಲು ತುಂಬಿ, ಸುತ್ತ ಗುಂಡುಗಳನ್ನು ಉರುಳಿಸಿ ತಂದು ಕೂರಿಸಿದರು. ಯಂತ್ರವಿಲ್ಲ, ಲಾರಿಯಿಲ್ಲ. ತೋಳಿನ ಬಲ ಮಾತ್ರ!

ಎಷ್ಟು ಹಳೆಯದು? ಹೇಳುತ್ತೇನೆ. ಅದಕ್ಕೆ ಮೊದಲು ಕನ್ನಡಿಗರಿಗೆ ಒಂದು ಸಿಹಿ ಸುದ್ದಿ. ನಾಗಪುರದ ಹೆಸರು ಸಿಗುವ ಬಹಳ ಹಳೆಯ ದಾಖಲೆ ಯಾರದು ಗೊತ್ತೇ? ನಮ್ಮ ಮಾನ್ಯಖೇಟದ ರಾಷ್ಟ್ರಕೂಟರದು! ವರ್ಧಾ ಬಳಿಯ ದೇವಳಿಯಲ್ಲಿ ಸಿಕ್ಕಿದ ಮೂರನೆಯ ಕೃಷ್ಣನ ತಾಮ್ರಶಾಸನದಲ್ಲಿ ‘ನಾಗಪುರ-ನಂದಿವರ್ಧನ’ ಎಂಬ ಹೆಸರಿದೆ. ವರ್ಷ 940. ಮಳಖೇಡದ ಅರಸನ ಆಜ್ಞೆ ಈ ನೆಲದವರೆಗೆ ನಡೆಯುತ್ತಿತ್ತು.

ಕೃಷ್ಣನ ಶಾಸನ ಕೆತ್ತುವ ಹೊತ್ತಿಗಾಗಲೇ ಈ ಕಲ್ಲುವೃತ್ತಗಳಿಗೆ ಸಾವಿರಕ್ಕೂ ಹೆಚ್ಚು ವರ್ಷ ವಯಸ್ಸಾಗಿತ್ತು! ಇಂದಿಗೆ ಲೆಕ್ಕ ಹಾಕಿದರೆ ಸುಮಾರು 2,500 ವರ್ಷ. ಅಶೋಕನೂ ಇವಕ್ಕೆ ಕಿರಿಯವನೇ.

ಇವನ್ನು ಮೊದಲು ಅಗೆದು ಲೋಕಕ್ಕೆ ಹೇಳಿದವನು ಯಾರು? ಪ್ರಾಧ್ಯಾಪಕ? ಪುರಾತತ್ವ ಪಂಡಿತ? ಊಹೂಂ! ಹತ್ತಿಯ ಅಧಿಕಾರಿ! ಹ್ಯಾರಿ ರಿವೆಟ್-ಕಾರ್ನಾಕ್ ಬ್ರಿಟಿಷರ ಕಾಲದಲ್ಲಿ ಮಧ್ಯಪ್ರಾಂತ ಮತ್ತು ಬೇರಾರಿನ ಹತ್ತಿ ಕಮಿಷನರ್ ಆಗಿದ್ದವನು. ಈ ಸೀಮೆಯಲ್ಲಿ ಓಡಾಡುತ್ತ ಕಲ್ಲುಗಳ ಮೋಹಕ್ಕೆ ಬಿದ್ದ. ಅಗೆಸಿದ. 1879ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ.

ಮುಂದೆ 1961-62ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬಿ. ಕೆ. ಥಾಪರ್ ಇಲ್ಲಿಯೇ ಉತ್ಖನನ ನಡೆಸಿದರು. ಕಬ್ಬಿಣದ ಆಯುಧಗಳು ಸಿಕ್ಕವು. ಕಪ್ಪು-ಕೆಂಪು ಮಡಕೆ ಸಿಕ್ಕವು. ಜೊತೆಗೆ ಮೂಳೆಗಳು ಸಿಕ್ಕವು, ಮನುಷ್ಯರವು ಮಾತ್ರವಲ್ಲ!

ಯಾವ ಪ್ರಾಣಿ? ಯೋಚಿಸಿ. ದನ? ನಾಯಿ? ಕುರಿ?

ಕುದುರೆ!

ಜುನಾಪಾಣಿಯಲ್ಲಿ ಸಿಕ್ಕಿದ್ದು ಕುದುರೆಯ ಜಾತಿಯ ಪ್ರಾಣಿಯ ಅವಶೇಷ. ಅಲ್ಲಿಂದ ಇನ್ನಷ್ಟು ಮುಂದೆ ಮಾಹುರ್‌ಝರಿ ಅಂತ ಇನ್ನೊಂದು ಊರಿದೆ. 1970ರಿಂದ 72ರವರೆಗೆ ಎಸ್. ಬಿ. ದೇವ್ ಅವರ ತಂಡ ಅಲ್ಲಿನ ಗೋರಿಗಳನ್ನು ತೆರೆದಾಗ ಕುದುರೆಯ ಮೂಳೆಗಳ ಜೊತೆ ಕಬ್ಬಿಣದ ಕಡಿವಾಣಗಳು ಬಂದವು. ತಾಮ್ರದ ತಗಡಿನ ಮುಖಾಭರಣವೂ ಬಂತು! ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ: ಎರಡೂವರೆ ಸಾವಿರ ವರ್ಷದ ಹಿಂದೆ, ಇದೇ ಬಿಸಿಲಿನಲ್ಲಿ, ಫಳಫಳ ಹೊಳೆಯುವ ತಾಮ್ರ ತೊಟ್ಟ ಕುದುರೆ!

ಅದಕ್ಕೆ ಯಾಕೆ ಇಷ್ಟು ಸಿಂಗಾರ? ಈ ಸೀಮೆಯ ಕುದುರೆ ಮೂಳೆಗಳ ಮೇಲೆ ಕಡಿದ ಗುರುತುಗಳಿವೆ. ಯಜಮಾನ ಸತ್ತಾಗ ಕುದುರೆಯನ್ನೂ ಬಲಿಕೊಟ್ಟು ಜೊತೆಗೆ ಕಳಿಸುತ್ತಿದ್ದರು ಎಂಬುದು ವಿದ್ವಾಂಸರ ತೀರ್ಮಾನ. ನನಗೆ ಇದನ್ನು ಓದಿದಾಗ ಮೈ ಜುಂ ಅಂದಿತು. ಎಷ್ಟು ಪ್ರೀತಿಯ ಪ್ರಾಣಿಯಾಗಿದ್ದಿರಬೇಕು, ಬಿಟ್ಟು ಹೋಗಲಾಗದಷ್ಟು!

ಮಾಹುರ್‌ಝರಿಯ ಬೆರಗು ಇಷ್ಟಕ್ಕೇ ಮುಗಿಯುವುದಿಲ್ಲ. ಅದು ಮಣಿ ಮಾಡುವವರ ಊರೂ ಹೌದು. ಕೆಂಪು ಕಾರ್ನೀಲಿಯನ್ ಕಲ್ಲಿನ ಮಣಿಯ ಮೇಲೆ ಬಿಳಿ ಗೆರೆಗಳು! ಕೊರೆದದ್ದಲ್ಲ, ಬಣ್ಣ ಹಚ್ಚಿದ್ದೂ ಅಲ್ಲ. ಕ್ಷಾರದ ದ್ರವದಲ್ಲಿ ಗೆರೆ ಎಳೆದು ಬೆಂಕಿಗೆ ಹಿಡಿದರೆ ಆ ಗೆರೆ ಕಲ್ಲಿನೊಳಗೇ ಬೆಳ್ಳಗೆ ಕೂತುಬಿಡುತ್ತದೆ. ಎರಡು ಸಾವಿರ ವರ್ಷ ಮಣ್ಣಲ್ಲಿದ್ದರೂ ಅಳಿಸುವುದಿಲ್ಲ!

ಗೋರಿಗಳಲ್ಲಿ ಸಿಕ್ಕ ಆ ಕಬ್ಬಿಣ ಎಲ್ಲಿಂದ ಬಂತು? ಹೊರಗಿನಿಂದ ತರಿಸಿದರೇ? ಇಲ್ಲ! ನಾಗಪುರ ಜಿಲ್ಲೆಯಲ್ಲೇ, ಪೆಂಚ್ ನದಿಯ ದಡದ ನೈಕುಂಡದಲ್ಲಿ, ಕಬ್ಬಿಣ ಕರಗಿಸುವ ಕುಲುಮೆಯೇ ಸಿಕ್ಕಿದೆ. ಇಟ್ಟಿಗೆಯಿಂದ ಕಟ್ಟಿದ್ದು. ಗಾಳಿ ಊದುವ ಮಣ್ಣಿನ ಕೊಳವೆಗಳೂ ಕಿಟ್ಟದ ರಾಶಿಯೂ ಸಿಕ್ಕಿವೆ. ವಯಸ್ಸು ಸುಮಾರು 2,600 ವರ್ಷ! ಅದಿರಿನಿಂದ ಕಬ್ಬಿಣ ಬಿಡಿಸಲು ಶಾಖ 1,100 ಡಿಗ್ರಿ ದಾಟಬೇಕು. ಇದ್ದಿಲು ಮತ್ತು ತಿದಿ, ಇವೆರಡರಿಂದಲೇ ಅವರು ಅಷ್ಟು ಶಾಖ ಎಬ್ಬಿಸಿದರು. ಇಂದು ಹತ್ತಿರದಲ್ಲೇ ಆಯುಧ ಕಾರ್ಖಾನೆ ಇದೆಯಲ್ಲ, ಈ ಸೀಮೆಗೆ ಆ ಕಸುಬು ಹೊಸದೇನಲ್ಲ!

ಈಗ ಜುನಾಪಾಣಿಗೇ ಮರಳೋಣ. ಅತ್ಯಂತ ದೊಡ್ಡ ಒಗಟು ಅಲ್ಲಿದೆ.

ವೃತ್ತದ ಗುಂಡುಗಳನ್ನು ಹತ್ತಿರದಿಂದ ನೋಡುತ್ತ ಬನ್ನಿ. ಕೆಲವು ಕಲ್ಲುಗಳ ಮೈಮೇಲೆ ಚಿಕ್ಕ ಚಿಕ್ಕ ಕುಳಿಗಳಿವೆ. ಬೆರಳಿಟ್ಟು ನೋಡಿದೆ, ಸರಿಯಾಗಿ ಕೂರುತ್ತದೆ! ಮಳೆಗೆ ಸವೆದದ್ದು ಇಷ್ಟು ಅಚ್ಚುಕಟ್ಟಾಗಿ ಸಾಲಾಗಿ ಬರಲು ಸಾಧ್ಯವೇ? ಯಾರೋ ಕೂತು, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ, ಒಂದೊಂದೇ ಮಾಡಿದ್ದು. ಕೆಲವು ದೊಡ್ಡವು, ಕೆಲವು ಚಿಕ್ಕವು.

ಇವುಗಳನ್ನು ಕಂಡ ರಿವೆಟ್-ಕಾರ್ನಾಕ್ ದಂಗಾದ. ಯಾಕೆ ಗೊತ್ತೇ? ಥೇಟ್ ಇಂಥವೇ ಕುಳಿಗಳು ಸ್ಕಾಟ್ಲೆಂಡಿನ ಬಂಡೆಗಳ ಮೇಲಿವೆ! ಅವುಗಳ ಬಗ್ಗೆ 1867ರಲ್ಲಿ ಪುಸ್ತಕ ಬರೆದಾತ ಯಾರು ಅಂದುಕೊಂಡಿರಿ? ಹೆರಿಗೆಯ ನೋವು ತಗ್ಗಿಸಲು ಕ್ಲೋರೋಫಾರಂ ಬಳಸಿದ ಅದೇ ಡಾಕ್ಟರ್, ಎಡಿನ್‌ಬರೋದ ಸರ್ ಜೇಮ್ಸ್ ಸಿಂಪ್ಸನ್! ಒಬ್ಬ ಹತ್ತಿಯವನು, ಒಬ್ಬ ಹೆರಿಗೆ ಡಾಕ್ಟರು, ಇಬ್ಬರಿಗೂ ಕಲ್ಲಿನ ಕುಳಿಗಳದೇ ಹುಚ್ಚು.

ಹಾಗಾದರೆ ಆ ಕುಳಿಗಳ ಅರ್ಥ? ಸತ್ತವರ ಲೆಕ್ಕವೇ? ಮನೆತನದ ಗುರುತೇ? ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮಯಂಕ್ ವಾಹಿಯಾ ಮತ್ತವರ ಜೊತೆಗಾರರು ಇವುಗಳ ದಿಕ್ಕನ್ನು ಅಳೆದರು. ಕುಳಿಯಿರುವ ಕಲ್ಲುಗಳು ವೃತ್ತದ ನಡುವಿನಿಂದ ನೋಡಿದಾಗ ಕೆಲವೇ ನಿರ್ದಿಷ್ಟ ದಿಕ್ಕುಗಳಲ್ಲಿ ಬರುತ್ತವೆ, ಆಕಾಶದ ಜೊತೆ ನಂಟಿರಬಹುದು ಎಂಬುದು ಅವರ ವಾದ. ಆಕಾಶ! ಗೋರಿಯ ಕಲ್ಲು ನಕ್ಷತ್ರದ ಕಡೆಗೆ ಬೊಟ್ಟು ಮಾಡುತ್ತಿದೆಯೇ?

ಅತಿಯಾಯಿತು ಅಂತೀರಾ? ಹಾಗಿದ್ದರೆ ನಮ್ಮ ಹೊಸನಗರ ತಾಲ್ಲೂಕಿಗೆ ಬನ್ನಿ. ಬೈಸೆ ಬಳಿಯ ನಿಲಸ್ಕಲ್ಲಿನಲ್ಲಿ ನೆಟ್ಟಗೆ ನಿಂತ ಹಾಸುಗಲ್ಲುಗಳಿವೆ. ಅವುಗಳ ಜೋಡಿಗಳು ಅಯನ ಬದಲಾಗುವ ದಿನದ ಸೂರ್ಯ ಹುಟ್ಟುವ, ಮುಳುಗುವ ಕಡೆಗೇ ತೋರಿಸುತ್ತವೆ ಎಂದು ಅಳೆದು ಹೇಳಿದವರು ಮಣಿಪಾಲದ ಶ್ರೀಕುಮಾರ್ ಮೆನನ್ ಮತ್ತು ಇದೇ ವಾಹಿಯಾ!

ಅಲ್ಲಿಗೇ ನಿಲ್ಲಬೇಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದ ಗೋರಿಗಳು ಇದೇ ಸಂಸ್ಕೃತಿಯ ಬಂಧುಗಳು. ಅದೇ ಕಪ್ಪು-ಕೆಂಪು ಮಡಕೆ! ಒಂದೇ ಮಡಕೆಗೆ ಎರಡು ಬಣ್ಣ ಹೇಗೆ? ಬೋರಲು ಹಾಕಿ ಸುಡುತ್ತಿದ್ದರು. ಗಾಳಿ ಸಿಗದ ಒಳಮೈ, ಕಂಠ ಕಪ್ಪಾಯಿತು, ಗಾಳಿ ಸಿಕ್ಕ ಹೊರಮೈ ಕೆಂಪಾಯಿತು. ಇನ್ನು ಗಂಗಾವತಿಯ ಕಡೆಯ ಹಿರೇಬೆಣಕಲ್‌ನ ಮೋರ್ಯರ ಗುಡ್ಡ ಹತ್ತಿದರೆ ಸುಮಾರು 400 ಕಲ್ಲುಗೋರಿಗಳು, ಕೆಲವಕ್ಕೆ ಕಿಟಕಿಯಂಥ ದುಂಡನೆಯ ಕಿಂಡಿ! ಅದು ಈಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ.

ಕೃಷ್ಣೆ-ತುಂಗಭದ್ರೆಯಿಂದ ಪೆಂಚ್ ನದಿಯವರೆಗೆ ಸತ್ತವರಿಗೆ ಕಲ್ಲಿಟ್ಟ ಜನ. ಆದರೆ ಸಿಂಗರಿಸಿದ ಕುದುರೆಯನ್ನು ಹೀಗೆ ಜೊತೆಗೆ ಕಳಿಸಿದ್ದು ವಿದರ್ಭದವರ ವೈಶಿಷ್ಟ್ಯ. ಅಂಥವರ ಗೋರಿಗಳನ್ನು ನೋಡಲಿಕ್ಕೆ ನೀವು ಇಲ್ಲಿಗೇ ಬರಬೇಕು!

ಯಾವಾಗ ಬರಬೇಕು? ಡಿಸೆಂಬರ್, ಜನವರಿ. ಹುಲ್ಲು ತಗ್ಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ನಡುಮಧ್ಯಾಹ್ನ ಬೇಡ. ಬೆಳಗಿನ ಓರೆ ಬಿಸಿಲಿನಲ್ಲೇ ಬನ್ನಿ, ಆಗ ಕುಳಿಗಳೊಳಗೆ ನೆರಳು ತುಂಬಿ ಒಂದೊಂದೂ ಎದ್ದು ಕಾಣುತ್ತದೆ. ಇದು ಸಂರಕ್ಷಿತ ಸ್ಮಾರಕ, ಕಲ್ಲಿನ ಮೇಲೆ ಸುಣ್ಣ, ಸೀಮೆಸುಣ್ಣ ಏನೂ ಬಳಿಯಬೇಡಿ. ಒಂದು ದಿಕ್ಸೂಚಿ ತನ್ನಿ, ಮೊಬೈಲಿನದಾದರೂ ಆದೀತು.

ವೃತ್ತದ ನಡುವೆ ನಿಲ್ಲಿ. ಕುಳಿಯಿರುವ ಕಲ್ಲು ಹುಡುಕಿ. ದಿಕ್ಕು ಬರೆದುಕೊಳ್ಳಿ. ಪಕ್ಕದ ವೃತ್ತಕ್ಕೆ ಹೋಗಿ ಮತ್ತೆ ಅಳೆಯಿರಿ. ಎರಡೂ ಒಂದೇ ಕಡೆಗೆ ತೋರಿಸಿದವೇ? ಯಾವ ಕಡೆಗೆ? ಅಲ್ಲಿ ರಾತ್ರಿ ಯಾವ ನಕ್ಷತ್ರ ಹುಟ್ಟುತ್ತದೆ?