ಪಾಠ ಒಪ್ಪಿಸುವ ಹೊತ್ತು

ಪರೀಕ್ಷೆ ಹತ್ತಿರ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಓದಿನ ಗದ್ದಲವೋ ಗದ್ದಲ. ಮಕ್ಕಳು ಒಂದೇ ಪುಟವನ್ನು ಹತ್ತು ಸಲ ಓದುತ್ತಾರೆ. ಮರುದಿನ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. 'ಪಾಠವೆಲ್ಲ ಇಂಗ್ಲಿಷಿನಲ್ಲಿ, ನಮಗೇನು ಹೇಳಿಕೊಡಲು ಬಂದೀತು?' ಎಂದು ತಾಯಂದಿರು ಸುಮ್ಮನಾಗುತ್ತಾರೆ. ನಾವೂ ಬಹುಕಾಲ ಹಾಗೆಯೇ ಸುಮ್ಮನಿದ್ದವರು.

ಊರಿನಲ್ಲಿ ನಾವು ಕಲಿತದ್ದು ಹೇಗೆ? ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು ಕುಳಿತು, 'ಎರಡೊಂದ್ಲೆ ಎರಡು' ಎಂದು ಮಗ್ಗಿ ಒಪ್ಪಿಸಬೇಕಿತ್ತು. ಒಪ್ಪಿಸುವುದೆಂದರೆ ಪುಸ್ತಕ ಮುಚ್ಚಿಟ್ಟು ಹೇಳುವುದು. ಅಕ್ಷರ ಬಾರದ ಅಜ್ಜಿ ಕೂಡ ನಮ್ಮ ದನಿ ತಡವರಿಸಿದಲ್ಲೇ ಹಿಡಿದು, 'ಎಲ್ಲಿ, ಇನ್ನೊಮ್ಮೆ ಹೇಳು' ಎನ್ನುತ್ತಿದ್ದಳು.

ಅಜ್ಜಿಯ ಕ್ರಮ ಸರಿಯೆಂದು ಈಗ ಪಂಡಿತರೂ ಹೇಳುತ್ತಾರೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತಿತ್ತಂತೆ! ಮುಂದೆ 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಪಾಠವನ್ನು ನಾಲ್ಕು ಸರದಿ ಓದಿದವರಿಗೆ ವಾರದ ನಂತರ ನೂರಕ್ಕೆ 40ರಷ್ಟು ನೆನಪಿತ್ತು. ಒಂದೇ ಸರದಿ ಓದಿ, ಮೂರು ಸಲ ನೋಡದೆ ಬರೆದವರಿಗೆ 61ರಷ್ಟು. ಆದರೆ ಐದು ನಿಮಿಷದ ಬಳಿಕ ಕೇಳಿದಾಗ ಮೇಲುಗೈ ಓದಿದವರದೇ. ಮಕ್ಕಳು ಮೋಸಹೋಗುವುದು ಇಲ್ಲಿಯೇ. ಓದಿದ ಕೂಡಲೆ ಎಲ್ಲವೂ ಬಂತೆನಿಸುತ್ತದೆ.

ಒಣ ಅಂಕಿಗಳಿಗೆ ಬೇರೆ ಉಪಾಯಗಳುಂಟು. ಸಂಗೀತ ಕಲಿಯುವ ಮಕ್ಕಳು ಕಟಪಯಾದಿಯನ್ನು ಕೇಳಿರಬಹುದು. ಮಾಯಾಮಾಳವಗೌಳದಲ್ಲಿ 'ಮ' ಐದು, 'ಯ' ಒಂದು. ತಿರುವಿ ಓದಿದರೆ 15, ಅದೇ ಮೇಳದ ಸಂಖ್ಯೆ. ಸೊಗಸಾದ ಉಪಾಯವೇ. ಆದರೆ ಇತಿಹಾಸ ಭೂಗೋಳಕ್ಕೆಲ್ಲ ಹೀಗೆ ಗಂಟುಹಾಕುತ್ತ ಕುಳಿತರೆ ಉಪಾಯವನ್ನೇ ನೆನಪಿಡಲು ಮತ್ತೊಂದು ಉಪಾಯ ಬೇಕಾದೀತು.

ನಾವೀಗ ಮಾಡುವುದಿಷ್ಟೆ. ಸಂಜೆ ಓದಿದ್ದನ್ನು ರಾತ್ರಿ ಕೇಳುತ್ತೇವೆ, ಎರಡು ದಿನ ಬಿಟ್ಟು ಕೇಳುತ್ತೇವೆ, ವಾರ ಬಿಟ್ಟು ಮತ್ತೊಮ್ಮೆ. ಮೊದಲು ಕನ್ನಡದಲ್ಲಿ ಹೇಳಿಸುತ್ತೇವೆ. ಆಮೇಲೆ ಇಂಗ್ಲಿಷಿನಲ್ಲಿ ಬರೆಸುತ್ತೇವೆ, ಪರೀಕ್ಷೆ ಇರುವುದು ಅದರಲ್ಲಿ ತಾನೆ!

ಮೊನ್ನೆ ಚಪಾತಿ ಲಟ್ಟಿಸುತ್ತ ಮಳೆಯ ಪಾಠ ಕೇಳಿದೆವು. ಮಗ ನೀರು ಆವಿಯಾಗುವವರೆಗೆ ಬಂದು ನಿಂತ. 'ಆಮೇಲೆ ಆವಿ ಎಲ್ಲಿಗೆ ಹೋಯಿತೋ?' ಎಂದೆವು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ, ಅದರಡಿಯ ಹನಿಗಳನ್ನು ನೋಡಿ, 'ಅಮ್ಮ, ಇದೇ!' ಎಂದ.