ನೆರಳಿಗೆ ಯಾವ ಗಿಡ?

ಮನೆಯ ಹಿತ್ತಲು. ಮೇಲೆ ಹಲಸಿನ ಮರ. ಪಕ್ಕದಲ್ಲಿ ಬಚ್ಚಲ ಗೋಡೆ. ಅಲ್ಲಿ ಬಿಸಿಲು ಕಡಿಮೆ. ಇಂಥ ಕಡೆ ಏನು ನೆಡೋಣ? ಕನಕಾಂಬರವೋ? ಜರಿಗಿಡವೋ?

"ಜರಿಗಿಡ ಯಾಕಮ್ಮಾ? ಅದು ಹೂ ಬಿಡುತ್ತಾ?" ಅಂತ ಕೇಳ್ತೀವಿ. ನಿಜ, ಬಿಡೋದಿಲ್ಲ. ಕನಕಾಂಬರವಾದರೆ ಮುಡಿಗೆ ಆಗುತ್ತೆ, ದೇವರಿಗೆ ಆಗುತ್ತೆ. ಹೆಚ್ಚಾದರೆ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರಬಹುದು. ನಾಲ್ಕು ಕಾಸು ನಮ್ಮ ಕೈಗೆ ಬರುತ್ತೆ.

ಅದೇ ಆಸೆಯಿಂದ ನಾವೂ ಹಲಸಿನ ಬುಡದಲ್ಲಿ ಕನಕಾಂಬರ ನೆಟ್ಟೆವು. ಗಿಡ ಉದ್ದವಾಯಿತು. ಎಲೆ ಬಂತು. ಹೂ ಮಾತ್ರ ಬರಲಿಲ್ಲ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯಿತು. ತಪ್ಪು ಗಿಡದ್ದಲ್ಲ. ಜಾಗ ನೋಡದೆ ನೆಟ್ಟ ನಮ್ಮದು.

ನೆರಳಿನಲ್ಲಿ ಎರಡು ಬಗೆ ಇದೆ.

ಒಂದು, ಅರೆ ನೆರಳು. ಬೆಳಗ್ಗೆ ಮೂರು ನಾಲ್ಕು ಗಂಟೆ ಬಿಸಿಲು ಬೀಳುತ್ತೆ. ಆಮೇಲೆ ನೆರಳು. ಇಲ್ಲಿ ಕನಕಾಂಬರ ಚೆನ್ನಾಗಿ ಬರುತ್ತೆ. ಮೊಳಕ್ಕೊಂದು ಗಿಡ ನೆಡಿ. ಗೊಬ್ಬರ ಹಾಕಿ. ಬುಡದಲ್ಲಿ ನೀರು ನಿಲ್ಲದ ಹಾಗೆ ಮಣ್ಣು ಏರಿಸಿ. ಹೂ ಮುಗಿದ ಒಣ ತೆನೆ ಕತ್ತರಿಸಿ. ಹೊಸ ಚಿಗುರು ಬರುತ್ತೆ. ಬೀಜ ಬೇಕಾದರೆ ಕೆಲವು ತೆನೆ ಬಿಡಿ. ಒಣಗಿದ ಕಾಯಿಗೆ ನೀರು ತಾಗಿದರೆ ಚಟ್ಟೆಂದು ಸಿಡಿಯುತ್ತೆ! ಅದಕ್ಕೆ ಮುಂಚೆಯೇ ಬಿಡಿಸಿಕೊಳ್ಳಿ.

ಇನ್ನೊಂದು, ದಟ್ಟ ನೆರಳು. ಬಿಸಿಲೇ ಬೀಳೋದಿಲ್ಲ. ನೆಲ ಸದಾ ತೇವ. ಇದು ಜರಿಗಿಡದ ಜಾಗ. ಜರಿಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಬಲಿತ ಎಲೆಯ ಹಿಂಬದಿ ನೋಡಿ. ಕಂದು ಚುಕ್ಕೆ ಕಾಣುತ್ತೆ. ಅದರ ಪುಡಿಯಿಂದಲೇ ಹೊಸ ಗಿಡ ಹುಟ್ಟುತ್ತೆ. ಮಳೆಗಾಲದಲ್ಲಿ ಬುಡ ಬಿಡಿಸಿ ನೆಟ್ಟರೂ ಸರಿ. ಅದರ ಬೇರು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತೆ.

ಕೊಡಗಿನಲ್ಲಿ ಒಂದು ಬಗೆಯ ಜರಿಗಿಡದ ಎಳೆ ಚಿಗುರನ್ನು ಪಲ್ಯ ಮಾಡ್ತಾರೆ. ಹಾಗಂತ ಕಂಡ ಜರಿಗಿಡವನ್ನೆಲ್ಲ ತಿನ್ನಬೇಡಿ. ಕೆಲವು ವಿಷ.

ನಿಮ್ಮ ಹಿತ್ತಲು ಯಾವ ಬಗೆ? ಒಂದು ದಿನ ನೋಡಿ. ಬಿಸಿಲು ಎಷ್ಟು ಗಂಟೆಗೆ ಬಂತು? ಎಷ್ಟು ಗಂಟೆಗೆ ಹೋಯಿತು? ನಿಮ್ಮ ಪುಸ್ತಕದಲ್ಲಿ ನೀವೇ ಬರೆಯಿರಿ. ಕಳೆದು ಲೆಕ್ಕ ಹಾಕಿ. ಈಗ ನಮಗೆ ಬರೆಯಲು ಬರುತ್ತೆ, ಅಲ್ವಾ? ಆ ಲೆಕ್ಕ ನೋಡಿಯೇ ಗುದ್ದಲಿ ಹಿಡಿಯೋಣ.