ಎರಡೂ ಕೈಯ ನಾಡಿ ನೋಡಿ

ಇಪ್ಪತ್ತರ ಹರೆಯದ ಹೆಣ್ಣುಮಗಳ ಎಡಗೈಗೆ ಬಿ.ಪಿ. ಪಟ್ಟಿ ಸುತ್ತಿದಾಗ 90/60 ಬಂದರೆ, ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಡುವುದು ಸುಲಭ. ಅದೇ ಪಟ್ಟಿ ಬಲಗೈಯಲ್ಲಿ 160/100 ತೋರಿಸಿದರೆ? ಕೆಟ್ಟಿರುವುದು ಮಿಷನ್ ಅಲ್ಲದಿರಬಹುದು. ಎಡಗೈಗೆ ಹೋಗುವ ರಕ್ತನಾಳ ಕಿರಿದಾಗಿರಬಹುದು. ಹರೆಯದವರಲ್ಲಿ ಇದಕ್ಕೆ ಕಾರಣವಾಗುವ ಅಪರೂಪದ ಕಾಯಿಲೆಯೊಂದರ ಹೆಸರು ಟಕಯಾಸು ಆರ್ಟರೈಟಿಸ್.

1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು, 21 ವರ್ಷದ ಯುವತಿಯ ಅಕ್ಷಿಪಟಲದಲ್ಲಿ ಹಾರದಂತೆ ಸುತ್ತಿಕೊಂಡ ರಕ್ತನಾಳಗಳನ್ನು ಕಣ್ಣಿನ ವೈದ್ಯರ ಸಭೆಯಲ್ಲಿ ವರದಿ ಮಾಡಿದರು. ಅದೇ ಸಭೆಯಲ್ಲಿ ಇಬ್ಬರು ಸಹೋದ್ಯೋಗಿಗಳು, ಇಂಥದೇ ಕಣ್ಣಿನ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುತ್ತಿಲ್ಲ ಎಂದರು. ಮುಂದೆ ಇದಕ್ಕೆ ‘ನಾಡಿಯಿಲ್ಲದ ಕಾಯಿಲೆ’ ಎಂಬ ಹೆಸರೂ ಬಂತು.

ಬೋರ್‌ವೆಲ್ಲಿನ ಗಡಸು ನೀರು ಹರಿದರೆ ಪೈಪಿನೊಳಗೆ ಸುಣ್ಣ ಕಟ್ಟುತ್ತದೆ. ಇಲ್ಲಿ ಹಾಗಲ್ಲ, ಪೈಪಿನ ಗೋಡೆಯೇ ಊದಿಕೊಳ್ಳುತ್ತದೆ. ದೇಹದ ರಕ್ಷಣಾ ಕಣಗಳೇ ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆಗೆ ನುಗ್ಗಿ ಉರಿಯೂತ ಎಬ್ಬಿಸುತ್ತವೆ. ಭಾರತದ ರೋಗಿಗಳಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ, ಮೂತ್ರಪಿಂಡದ ನಾಳಗಳು ಹೆಚ್ಚಾಗಿ ತುತ್ತಾಗುತ್ತವೆ. ರಕ್ತ ಸಾಲದ ಮೂತ್ರಪಿಂಡ ರೆನಿನ್ ಎಂಬ ಕಿಣ್ವ ಸುರಿಸುತ್ತದೆ, ಬಿ.ಪಿ. ಏರುತ್ತದೆ.

ಮೊದಮೊದಲು ಸಣ್ಣ ಜ್ವರ, ಸುಸ್ತು, ತೂಕ ಇಳಿಕೆ. ನೋಡಿದವರಿಗೆ ಕ್ಷಯದ ಅನುಮಾನ ಬರುವುದು ಸಹಜ. ಆಮೇಲೆ ಬಟ್ಟೆ ಒಗೆಯುವಾಗ, ತಲೆ ಬಾಚುವಾಗ ತೋಳು ಸೋತು ನೋಯುತ್ತದೆ, ಬಿಡುವು ಕೊಟ್ಟರೆ ಸರಿಹೋಗುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರದ ಯಾವ ಆರೋಗ್ಯ ಕೇಂದ್ರದಲ್ಲೂ ಇದರ ಸುಳಿವು ಹಿಡಿಯಬಹುದು. ಎರಡೂ ಮಣಿಕಟ್ಟಿನ ನಾಡಿ ಮುಟ್ಟಬೇಕು. ಎರಡೂ ಕೈ ಮತ್ತು ಒಂದು ಕಾಲಿನ ಬಿ.ಪಿ. ಅಳೆಯಬೇಕು. ಕತ್ತು, ಕೊರಳೆಲುಬಿನ ಸುತ್ತ ಮತ್ತು ಹೊಕ್ಕುಳ ಪಕ್ಕ ಸ್ಟೆತಾಸ್ಕೋಪ್ ಇಟ್ಟರೆ, ಕಿರಿದಾದ ನಾಳದಲ್ಲಿ ರಕ್ತ ನುಗ್ಗುವ ‘ಸುಯ್’ ಸದ್ದು ಕೇಳಿಸಬಹುದು. ಕೈಗಳ ನಡುವೆ 10 ಮಿ.ಮೀ.ಗಿಂತ ಹೆಚ್ಚಿನ ಅಂತರವನ್ನು 1990ರ ಅಮೆರಿಕದ ಮಾನದಂಡವೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2022ರ ಹೊಸ ಮಾನದಂಡದಲ್ಲಿ ನಾಳಗಳ ಚಿತ್ರಣ ಕಡ್ಡಾಯ. ಅದಕ್ಕೆ ಸಾಮಾನ್ಯವಾಗಿ ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಮ್ ಮಾಡಿಸುತ್ತಾರೆ. ಉರಿಯೂತ ಸೂಚಿಸುವ ರಕ್ತಪರೀಕ್ಷೆ ಇ.ಎಸ್.ಆರ್. ಸರಿಯಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು.

ರೋಗ ಎಷ್ಟು ಚುರುಕಾಗಿದೆ ಎಂದು ಅಳೆಯಲು ಭಾರತದ ಸಂಧಿವಾತ ತಜ್ಞರೇ ‘ಐಟಾಸ್ 2010’ ಎಂಬ ಅಂಕಪಟ್ಟಿ ರೂಪಿಸಿದ್ದಾರೆ. ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳಿಂದ ಉರಿಯೂತ ತಗ್ಗುತ್ತದೆ. ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸಬಾರದು. ಕಿರಿದಾದ ನಾಳ ಹಿಗ್ಗಿಸುವ ಬಲೂನ್ ಚಿಕಿತ್ಸೆ ಬೇಕಾದರೆ, ಸಾಧ್ಯವಾದಷ್ಟೂ ಉರಿಯೂತ ತಣಿದ ಮೇಲೆ.

ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳಿದವರ ಚೀಟಿಯಲ್ಲಿ, ಯಾವ ಕೈಯ ಬಿ.ಪಿ. ನಂಬಬೇಕು ಎಂಬುದನ್ನು ವೈದ್ಯರು ಬರೆದಿರಬೇಕು. ಎರಡೂ ಕೈಯ ನಾಳ ಮುಚ್ಚಿದ್ದರೆ ಕಾಲಿನಲ್ಲಿ ಅಳೆಯಿರಿ ಎಂದೂ ಇರಬೇಕು. ಮುಂದಿನ ತಿಂಗಳು ಪಟ್ಟಿ ಸುತ್ತುವ ನರ್ಸ್‌ಗೆ ಆ ಒಂದು ಸಾಲು ಬೇಕೇಬೇಕು.